ಕ್ಲೀವ್‌ಲ್ಯಾಂಡಿನಲ್ಲಿ ಆರಾಮವಾಗಿರಲು

ಅಮೆರಿಕದ ಹದಿನಾರು ನಗರಗಳಲ್ಲಿ ಒಂದು ಸಂಸಾರ ಆರಾಮವಾಗಿ ಬದುಕಬೇಕಾದರೆ ವರ್ಷಕ್ಕೆ ಎಷ್ಟು ಸಂಬಳ ಬೇಕು ಎನ್ನುವುದು ನನಗೆ ಬಾಯಿಪಾಠವಾಗಿದ್ದ ಒಂದು ಕಾಲವಿತ್ತು. ಹ್ಯೂಸ್ಟನ್, ಡೆನ್ವರ್, ಅಟ್ಲಾಂಟ, ಸಿಯಾಟಲ್ ಎಂದು ಯಾವ ಊರಿನ ಹೆಸರು ಹೇಳಿದರೂ ಅದರ ಅಂಕಿಯನ್ನು ತಡವರಿಸದೆ ಹೇಳುತ್ತಿದ್ದೆ. ಆಗ ನಾನು ಅಮೆರಿಕ ನೋಡಿರಲಿಲ್ಲ. ನಾನು ಬಾಳಿದ್ದ ಊರುಗಳೆಂದರೆ ಧಾರವಾಡ, ಮಣಿಪಾಲ ಮತ್ತು ಕೌಲಾಲಂಪುರ, ಮೂರೇ.

ತೊಂಬತ್ತರ ದಶಕದ ಕೊನೆಯ ವರ್ಷಗಳವು. ಕೌಲಾಲಂಪುರದ ಬಾಂಗ್ಸಾರ್ ಬಡಾವಣೆಯಲ್ಲಿ ಒಂದು ಬೇಕರಿಯ ಮೇಲಿನ ಮಹಡಿಯಲ್ಲಿ ನಮ್ಮ ಕಚೇರಿ. ವಿದೇಶಿ ಕಂಪನಿಗಳು ತಮ್ಮ ನೌಕರರನ್ನು ಒಂದು ದೇಶದಿಂದ ಇನ್ನೊಂದಕ್ಕೆ ಕಳಿಸುವಾಗ ಅವರಿಗೆ ಮನೆ ಹುಡುಕುವುದು, ಮಕ್ಕಳಿಗೆ ಶಾಲೆ ನೋಡುವುದು, ಸಾಮಾನು ಸಾಗಿಸುವುದು, ಹೋಗುವ ಊರಿನಲ್ಲಿ ಎಷ್ಟು ಖರ್ಚಾಗುತ್ತದೆಂದು ಮುಂಚೆಯೇ ಲೆಕ್ಕ ಹಾಕಿ ಹೇಳುವುದು ನಮ್ಮ ಕೆಲಸ. ಕಚೇರಿಯ ಒಡತಿ ಪಿನಾಂಗ್ ಕಡೆಯ ಚೀನೀ ಹೆಂಗಸು. ಐವತ್ತರ ಹತ್ತಿರದವರು, ಮದುವೆಯಾಗಿರಲಿಲ್ಲ, ಮಾತು ಕಡಿಮೆ, ಆಡಿದರೆ ಅಲ್ಲಿಯವರ ಹಾಗೆ ಕೊನೆಗೊಂದು ‘ಲಾ’ ಸೇರಿಸುತ್ತಿದ್ದರು. ನಾನು ಧಾರವಾಡದಲ್ಲಿ ಸಂಖ್ಯಾಶಾಸ್ತ್ರ ಓದಿದವಳು. ನನ್ನ ಗಂಡ ಉಡುಪಿ ಕಡೆಯವರು, ಕೌಲಾಲಂಪುರದ ಒಂದು ಮೆಡಿಕಲ್ ಕಾಲೇಜಿನಲ್ಲಿ ಔಷಧಶಾಸ್ತ್ರ ಕಲಿಸುತ್ತಿದ್ದರು. ಅವರ ಬೆನ್ನಿಗೆ ಬಂದ ನಾನು ಮೊದಲ ಎರಡು ವರ್ಷ ಮನೆಯಲ್ಲಿ ಕೂತು ಫ್ಲಾಟಿನ ಕಿಟಕಿಯಿಂದ ಈಜುಕೊಳದ ನೀರು ನೋಡಿದ್ದೆ. ಬಾಸ್ ನನ್ನನ್ನು ಕೆಲಸಕ್ಕೆ ತೆಗೆದುಕೊಳ್ಳಲು ಒಪ್ಪಿದ ಮೇಲೂ ಪರ್ಮಿಟ್ ಸಿಗಲು ಏಳು ತಿಂಗಳು ಹಿಡಿಯಿತು. ಆ ಏಳು ತಿಂಗಳು ಇಮಿಗ್ರೇಷನ್ ಕಚೇರಿಯ ಕುರ್ಚಿಗಳ ಮೇಲೆ ಬಾಸ್ ತಾವೇ ನನ್ನ ಪಕ್ಕ ಕೂತಿದ್ದರು. ಪಾಸ್‌ಪೋರ್ಟಿನಲ್ಲಿ ನನ್ನ ಸ್ವಂತ ಹೆಸರಿಗೆ ಮುದ್ರೆ ಬಿದ್ದ ದಿನ ಮನೆಗೆ ಬಂದು ಆ ಪುಟವನ್ನು ಮಗಳಿಗೆ ಎರಡು ಸಲ ತೋರಿಸಿದ್ದೆ.

ನನ್ನ ಮೇಜಿಗೆ ಅಮೆರಿಕದ ಕೆಲಸ ಬರುತ್ತಿತ್ತು. ಶಿಕಾಗೋದಲ್ಲಿದ್ದ ಒಂದು ಕಚೇರಿಯಿಂದ ಪ್ರತಿ ತಿಂಗಳು ಫ್ಯಾಕ್ಸಿನಲ್ಲಿ ಹಾಳೆಗಟ್ಟಲೆ ಬೆಲೆಗಳು ಬರುತ್ತಿದ್ದವು. ಮನೆ ಬಾಡಿಗೆ, ಹಾಲು, ಮಕ್ಕಳನ್ನು ನೋಡಿಕೊಳ್ಳುವವರ ಕೂಲಿ, ಕಾರಿನ ವಿಮೆ, ಹಲ್ಲಿನ ಡಾಕ್ಟರ ಫೀಸು, ಎಲ್ಲ ಇರುತ್ತಿದ್ದವು. ನಾಲ್ಕು ಪುಟದ ಒಂದು ಪ್ರಶ್ನಾವಳಿ ಇತ್ತು. ಹೋಗುವವರು ಅದನ್ನು ತುಂಬಬೇಕು: ಮನೆಯಲ್ಲಿ ಎಷ್ಟು ಜನ, ಎಷ್ಟು ಕೋಣೆ ಬೇಕು, ವಾರಕ್ಕೆ ಎಷ್ಟು ಸಲ ಹೊರಗೆ ಊಟ, ಎಷ್ಟು ಕಾರು, ಗಂಡ ಅಥವಾ ಹೆಂಡತಿಗೆ ಎಷ್ಟು ಸಂಪಾದನೆ. ಅವನ್ನೆಲ್ಲ ಬೆಲೆಗಳ ಜೊತೆ ಕೂಡಿಸಿ, ತೆರಿಗೆ ಸೇರಿಸಿ, ಕೊನೆಗೆ ಒಂದು ಮೊತ್ತ ಕೊಡುತ್ತಿದ್ದೆ. ಇಷ್ಟು ಸಂಬಳವಿದ್ದರೆ ಈ ಊರಿನಲ್ಲಿ ಆರಾಮವಾಗಿರುತ್ತೀರಿ ಎಂದು ಅದರ ಅರ್ಥ. ನಮ್ಮ ಧಾರವಾಡದಲ್ಲಿ ಎದುರಿಗೆ ಸಿಕ್ಕವರನ್ನು ಮೊದಲು ಕೇಳುವುದೇ ‘ಆರಾಮ?’ ಎಂದು. ‘ಆರಾಮ’ ಎಂದು ಉತ್ತರ ಹೇಳಿ ಜನ ಮುಂದೆ ಹೋಗುತ್ತಾರೆ. ಅದಕ್ಕೆ ನಾಲ್ಕು ಪುಟ ಬೇಕಾಗುತ್ತದೆಂದು ನನಗೆ ಬಾಂಗ್ಸಾರಿಗೆ ಬಂದ ಮೇಲೆಯೇ ಗೊತ್ತಾದದ್ದು.

ಮಲೇಷ್ಯಾದ ಹಣ ರಿಂಗಿಟ್ ಕುಸಿದ ಮೇಲೆ ನನ್ನ ಮೇಜಿನ ಕೆಲಸ ಒಮ್ಮೆಲೇ ಹೆಚ್ಚಿತು. ಬಸ್ಸಿನಲ್ಲಿ ಬರುವಾಗ ಕಾಣುತ್ತಿದ್ದ ಕ್ರೇನುಗಳು ನಿಂತಲ್ಲೇ ನಿಂತವು. ಅರ್ಧ ಕಟ್ಟಿದ ಕಟ್ಟಡಗಳ ಹಸಿರು ಬಲೆ ಹರಿದು ಗಾಳಿಗೆ ಹಾರಾಡುತ್ತಿತ್ತು. ಮಾಂಟ್ ಕಿಯಾರಾ ಎಂಬ ಶ್ರೀಮಂತ ಬಡಾವಣೆಯ ಕಾಂಡೋಗಳಲ್ಲಿ ವರ್ಷಗಟ್ಟಲೆ ಇದ್ದ ಅಮೆರಿಕನ್ನರನ್ನು ಅವರ ಕಂಪನಿಗಳು ವಾಪಸ್ ಕರೆಸಿಕೊಳ್ಳತೊಡಗಿದವು. ಇಲ್ಲಿ ಮನೆಗೆಲಸದವರು, ಡ್ರೈವರು, ಕ್ಲಬ್ಬು ಎಂದು ಇದ್ದವರು ಅಲ್ಲಿಗೆ ಹೋದರೆ ಹೇಗೆ ಬದುಕುವುದೆಂದು ಕೇಳಿಕೊಂಡು ನಮ್ಮ ಮೆಟ್ಟಿಲು ಹತ್ತುತ್ತಿದ್ದರು.

ನಮ್ಮ ಕನ್ನಡದ ಮನೆಗಳಲ್ಲೂ ಯಾರಿಗೂ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ತಿಂಗಳಿಗೊಂದು ಭಾನುವಾರ ಏಳೆಂಟು ಸಂಸಾರಗಳು ಯಾರದಾದರೂ ಮನೆಯಲ್ಲಿ ಸೇರುತ್ತಿದ್ದೆವು. ಮುಂಚೆ ಅಲ್ಲಿ ಕ್ರಿಕೆಟ್ಟು, ಊರಿನ ರಾಜಕೀಯ, ಎಲ್ಲಿ ಒಳ್ಳೆಯ ಕುಚ್ಚಲಕ್ಕಿ ಸಿಗುತ್ತದೆ ಎಂಬ ಮಾತು ನಡೆಯುತ್ತಿತ್ತು. ಈಗ ಎಲ್ಲರೂ ಹೊರಡುವ ಮಾತೇ. ರಿಂಗಿಟ್ಟಿನಲ್ಲಿ ಸಂಬಳ ತೆಗೆದುಕೊಂಡು ಊರಿಗೆ ಕಳಿಸುವವರಿಗೆ ಒಂದೇ ವರ್ಷದಲ್ಲಿ ಕೈ ಕಟ್ಟಿದಂತಾಗಿತ್ತು. ಊಟದ ತಟ್ಟೆ ಹಿಡಿದುಕೊಂಡು ಒಬ್ಬೊಬ್ಬರೇ ನನ್ನ ಹತ್ತಿರ ಬರುತ್ತಿದ್ದರು.

“ನ್ಯೂಜೆರ್ಸಿಗೆ ಎಷ್ಟು ಬೇಕಾಗ್ತದೆ ಮೇಡಂ? ಒಬ್ಬಳೇ ಮಗಳು, ಕಾರು ಹಳೇದಾದ್ರೂ ನಡೀತದೆ,” ಎಂದು ಮಂಗಳೂರಿನ ಒಬ್ಬರು, ಲೆಕ್ಕಪತ್ರದ ಕೆಲಸದಲ್ಲಿದ್ದವರು, ಕೇಳಿದರು.

“ಅಟ್ಲಾಂಟ ಚೀಪ್ ಅಂತಾರಲ್ಲ, ಹೌದಾ?” ಎಂದು ಬೆಂಗಳೂರಿನ ಒಬ್ಬ ಡಾಕ್ಟರ ಹೆಂಡತಿ.

ಜ್ಯೋತಿಷಿಯ ಹತ್ತಿರ ಕೇಳುವಂತೆ ದನಿ ತಗ್ಗಿಸಿ ಕೇಳುತ್ತಿದ್ದರು. ನಾನೂ ಹಾಗೇ ಗಂಭೀರವಾಗಿ ಉತ್ತರ ಹೇಳುತ್ತಿದ್ದೆ. ಸುಳ್ಳು ಹೇಳಲಾರೆ, ಆ ಭಾನುವಾರಗಳು ನನಗೆ ಹಿಡಿಸಿದ್ದವು. ಯಾರದೋ ಮಿಸೆಸ್ ಆಗಿ ಮೂಲೆಯಲ್ಲಿ ಕೂರುತ್ತಿದ್ದ ನನ್ನನ್ನು ಗಂಡಸರು ಬಂದು ಕೇಳುತ್ತಿದ್ದರು. ನನ್ನ ಗಂಡ ಮಾತ್ರ ಏನೂ ಕೇಳುತ್ತಿರಲಿಲ್ಲ. ದೂರದಲ್ಲಿ ಕೂತು ಕೇಳಿಸಿಕೊಳ್ಳುತ್ತಿದ್ದರು.

ಆ ವರ್ಷ ಕಚೇರಿಗೆ ಬಂದವರಲ್ಲಿ ಒಂದು ಅಮೆರಿಕನ್ ಜೋಡಿಯನ್ನು ನಾನು ಮರೆತಿಲ್ಲ. ಗಂಡ ಕಟ್ಟಡದ ಎಂಜಿನಿಯರ್. ಹೆಂಡತಿಗೆ ಐವತ್ತು ದಾಟಿತ್ತು. ಎತ್ತರದ ಹೆಂಗಸು, ನರೆತ ಕೂದಲನ್ನು ಗಿಡ್ಡಕ್ಕೆ ಕತ್ತರಿಸಿದ್ದರು. ಹನ್ನೊಂದು ವರ್ಷ ಮಲೇಷ್ಯಾದಲ್ಲೇ ಇದ್ದವರು. ಮೊದಲ ಸಲ ಇಬ್ಬರೂ ಬಂದಾಗ ನನ್ನ ಪ್ರಶ್ನೆಗಳಿಗೆಲ್ಲ ಗಂಡನೇ ಉತ್ತರ ಹೇಳಿದ. ಮೂರು ಕೋಣೆ. ಎರಡು ಕಾರು. ಗಾಲ್ಫ್ ಉಂಟು. ಹೆಂಡತಿಯ ಸಂಪಾದನೆ ಇಲ್ಲ. ಆಕೆ ಗೋಡೆಯ ನಕ್ಷೆ ನೋಡುತ್ತ ಕೂತಿದ್ದರು. ಹ್ಯೂಸ್ಟನ್, ಡೆನ್ವರ್, ಪಿಟ್ಸ್‌ಬರ್ಗ್ ಮೂರಕ್ಕೂ ಲೆಕ್ಕ ಹಾಕಿ ಕಳಿಸಿದೆ.

ವಾರದ ಮೇಲೆ ಆಕೆ ಒಬ್ಬರೇ ಬಂದರು. ಗಾಲ್ಫ್ ತೆಗೆದು ಇನ್ನೊಮ್ಮೆ ಹಾಕಿಕೊಡುತ್ತೀರಾ ಎಂದರು. ಹಾಕಿಕೊಟ್ಟೆ. ಮತ್ತೊಂದು ವಾರಕ್ಕೆ ಬಂದು ಒಂದೇ ಕಾರು, ಒಂದೇ ಕೋಣೆ ಎಂದರು. ಅದನ್ನೂ ಮಾಡಿದೆ. ನಾಲ್ಕನೆಯ ಸಲ ಬಂದಾಗ ಕುರ್ಚಿಯ ತುದಿಯಲ್ಲಿ ಕೂತು, ಕೈಚೀಲವನ್ನು ಎದೆಗೊತ್ತಿಕೊಂಡು ಹೇಳಿದ ಮಾತು ಇಂಗ್ಲಿಷಿನದು, ಕನ್ನಡದಲ್ಲಿ ಬರೆಯುತ್ತಿದ್ದೇನೆ:

“ಈಗ ಒಬ್ಬರಿಗೇ ಹಾಕಿ ನೋಡಿ.”

ನನಗೆ ತಕ್ಷಣ ಹೊಳೆಯಲಿಲ್ಲ. “ನಿಮ್ಮ ಯಜಮಾನರು ಮೊದಲು ಹೋಗುತ್ತಾರಾ?” ಎಂದು ಕೇಳಿದೆ.

“ಇಲ್ಲ. ಹೋಗುವುದು ನಾನು. ಕಂಪನಿ ವಾಪಸ್ ಹೋದರೂ ಅವರು ಇಲ್ಲೇ ಇರುತ್ತಾರೆ. ಅವರಿಗೆ ಇಲ್ಲಿ ಬೇರೆ ಮನೆ ಇದೆ. ಇದ್ದದ್ದು ನನಗೆ ಗೊತ್ತಾದದ್ದು ಈಗ.” ಕೈಚೀಲವನ್ನು ಮೇಜಿನ ಮೇಲಿಟ್ಟು, “ಮದುವೆಗೆ ಮುಂಚೆ ನಾನು ಶಾಲೆಯಲ್ಲಿ ಪಿಯಾನೊ ಕಲಿಸುತ್ತಿದ್ದೆ. ಇಪ್ಪತ್ತಾರು ವರ್ಷದ ಹಿಂದೆ. ಅಂಥ ಕೆಲಸ ಮಾಡುವವಳು ಯಾವ ಊರಿನಲ್ಲಿ ಬದುಕಬಹುದು ಹೇಳಿ. ಕಂಪನಿಗೆ ಇದು ತಿಳಿಯುವುದು ಬೇಡ,” ಎಂದರು.

ಅದು ನನ್ನ ಕೆಲಸವಾಗಿರಲಿಲ್ಲ. ನಮಗೆ ಹಣ ಕೊಡುತ್ತಿದ್ದದ್ದು ಆತನ ಕಂಪನಿ. ಆದರೆ ಆಗುವುದಿಲ್ಲ ಎಂದು ಹೇಳುವ ಬಾಯಿ ನನಗಿರಲಿಲ್ಲ. ಶನಿವಾರ ಮಧ್ಯಾಹ್ನ ಎಲ್ಲರೂ ಹೋದ ಮೇಲೆ ಕೂತು ಹದಿನಾರು ನಗರಗಳಿಗೂ ಒಬ್ಬರ ಲೆಕ್ಕ ಹಾಕಿದೆ. ಮೇಷ್ಟರ ಸಂಬಳದಲ್ಲಿ ಒಂಟಿ ಹೆಂಗಸು ಆರಾಮವಾಗಿರುವ ಊರು ಒಂದೂ ಸಿಗಲಿಲ್ಲ. ಸೋಮವಾರ ಬಂದ ಆಕೆ ಹಾಳೆಗಳನ್ನು ಮೇಲಿಂದ ಕೆಳಗೆ ಓದಿ, ಮಡಚಿಟ್ಟು, “ಡುಲುತ್ ಎಂಬ ಊರು ನಿಮ್ಮ ಪಟ್ಟಿಯಲ್ಲಿ ಇಲ್ಲ,” ಎಂದರು. ಉತ್ತರದಲ್ಲಿ, ದೊಡ್ಡ ಸರೋವರದ ದಂಡೆಯ ಊರಂತೆ. ಚಿಕ್ಕಂದಿನಲ್ಲಿ ಒಂದು ಬೇಸಿಗೆ ಅಲ್ಲಿ ಕಳೆದಿದ್ದರಂತೆ. ಆ ಊರಿನ ಬಗ್ಗೆ ನನ್ನ ಹತ್ತಿರ ಒಂದು ಅಂಕಿಯೂ ಇರಲಿಲ್ಲ.

ಆಮೇಲೆ ಮಾಡಿದ್ದು ನೆನೆದರೆ ಈಗಲೂ ನನ್ನ ಧೈರ್ಯಕ್ಕೆ ನಾನೇ ಬೆರಗಾಗುತ್ತೇನೆ. ಅಲ್ಲಿನ ಪತ್ರಿಕೆಯೊಂದರ ಕಚೇರಿಯ ನಂಬರು ಹುಡುಕಿ, ಒಂದು ಬೆಳಿಗ್ಗೆ ಬಾಸ್ ಬರುವ ಮುಂಚೆ ಫೋನ್ ಮಾಡಿ, ಬಾಡಿಗೆ ಮನೆಗಳ ಜಾಹೀರಾತಿನ ಪುಟವನ್ನು ಫ್ಯಾಕ್ಸ್ ಮಾಡಿ ಎಂದು ಕೇಳಿದೆ. ಅತ್ತ ಇದ್ದವನು ನಾನು ಎಲ್ಲಿಂದ ಮಾತಾಡುತ್ತಿದ್ದೇನೆಂದು ಮೂರು ಸಲ ಕೇಳಿದ. ಪುಟ ಬಂತು. ಮಸುಕಾದ ಸಣ್ಣ ಅಕ್ಷರಗಳು. ಒಂದು ಕೋಣೆ, ಎರಡನೆಯ ಮಹಡಿ, ಶಾಖ ಸೇರಿ ಬಾಡಿಗೆ, ಎಂದಿತ್ತು. ಶಾಖ ಸೇರಿ ಎಂದರೆ ಏನೆಂದು ನನಗೆ ಅರ್ಥವಾಗಲಿಲ್ಲ. ಹನ್ನೆರಡು ತಿಂಗಳೂ ಬೆವರುವ ಊರಿನಲ್ಲಿದ್ದವಳಿಗೆ ಶಾಖಕ್ಕೆ ಬಾಡಿಗೆ ಕೊಡುವುದು ಎಲ್ಲಿಂದ ಗೊತ್ತಾಗಬೇಕು. ಚಳಿಗಾಲದಲ್ಲಿ ಮನೆ ಬೆಚ್ಚಗಿಡುವ ಖರ್ಚು ಬಾಡಿಗೆಯಲ್ಲೇ ಸೇರಿದೆ ಎಂದು ಆಕೆಯೇ ವಿವರಿಸಿದರು. ವಿವರಿಸುತ್ತ ಮೊದಲ ಸಲ ನಕ್ಕರು. ಇಬ್ಬರೂ ಕೂತು ಡುಲುತ್‌ನ ಪಟ್ಟಿ ಮಾಡಿದೆವು. ಶಾಲೆಯ ಸಂಬಳ ಸಾಲದಿದ್ದರೆ ಮನೆಗೆ ಬರುವ ಮಕ್ಕಳಿಗೆ ಪಾಠ, ಅದೂ ಸಾಲದಿದ್ದರೆ ಚರ್ಚಿನಲ್ಲಿ ಭಾನುವಾರ ನುಡಿಸುವುದು, ಎಂದೆಲ್ಲ ಸೇರಿಸಿದೆವು. ಕೊನೆಯ ಮೊತ್ತದ ಪಕ್ಕದಲ್ಲಿ ಆರಾಮ ಎಂದು ಬರೆಯುವ ಜಾಗದಲ್ಲಿ ಆಕೆ ಪೆನ್ಸಿಲಿನಿಂದ ‘ಸಾಕು’ ಎಂದು ಇಂಗ್ಲಿಷಿನಲ್ಲಿ ಬರೆದುಕೊಂಡರು.

ತಿಂಗಳ ಕೊನೆಗೆ ಫೋನ್ ಬಿಲ್ಲು ಬಂದಾಗ ಬಾಸ್ ನನ್ನನ್ನು ಒಳಗೆ ಕರೆದರು. ಬಿಲ್ಲಿನ ಆ ಸಾಲಿಗೆ ಕೆಂಪು ಗೆರೆ ಎಳೆದಿತ್ತು. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಕೆಲಸ ಹೋಗುತ್ತದೆಂದೇ ಅಂದುಕೊಂಡಿದ್ದೆ.

ಅವರು ಬಿಲ್ಲನ್ನು ಇನ್ನೊಮ್ಮೆ ಮೇಲಿಂದ ಕೆಳಗೆ ನೋಡಿದರು. ಆಮೇಲೆ, “ಕಂಪನಿಗೆ ಇಬ್ಬರ ರಿಪೋರ್ಟೇ ಹೋಗಿದೆ ತಾನೆ?” ಎಂದರು.

“ಹೌದು.”

“ಹಾಗಾದ್ರೆ ಮುಗೀತು ಲಾ. ಈ ಕಾಲ್ ನಾನು ಮಾಡಿದ್ದು ಅಂತ ಬರೀತೀನಿ. ಇನ್ನೊಂದು ಸಲ ಮಾಡಬೇಡ.” ನಾನು ಬಾಗಿಲ ತನಕ ಹೋದಾಗ, “ಆ ಹೆಂಗಸಿಗೆ ಸಾಮಾನು ಕಳಿಸೋಕೆ ಯಾರಿದ್ದಾರೆ?” ಎಂದು ಕೇಳಿದರು. ಯಾರೂ ಇಲ್ಲ ಎಂದೆ. ಅವರು ತಲೆಯಾಡಿಸಿ ಬಿಲ್ಲನ್ನು ಫೈಲಿಗೆ ಹಾಕಿದರು. ಆ ವಾರವೇ ನಮ್ಮ ಲಾರಿ ಆಕೆಯ ಪಿಯಾನೊ ಮತ್ತು ಹನ್ನೆರಡು ಡಬ್ಬಗಳನ್ನು ಬಂದರಿಗೆ ಒಯ್ದಿತೆಂದು ನನಗೆ ಆಮೇಲೆ ಡ್ರೈವರಿನಿಂದ ತಿಳಿಯಿತು.

ಇದೆಲ್ಲ ಆಗುವಾಗ ನನ್ನ ಮನೆಯಲ್ಲಿ ಇನ್ನೊಂದು ನಡೆಯುತ್ತಿದ್ದುದು ನನ್ನ ಗಮನಕ್ಕೆ ಬಂದಿರಲಿಲ್ಲ. ಗಂಡನ ಕಾಲೇಜಿನಲ್ಲಿ ಕಾಂಟ್ರಾಕ್ಟ್ ಮುಂದುವರಿಸುವ ಮಾತು ಯಾರೂ ಎತ್ತುತ್ತಿರಲಿಲ್ಲ. ಅವರಿಗೆ ಮೂರು ತಿಂಗಳಿಂದ ನೆಟ್ಟಗೆ ನಿದ್ದೆ ಇರಲಿಲ್ಲ. ಬೆಳಿಗ್ಗೆ ಎದ್ದು ನೋಡಿದರೆ ಬಾಲ್ಕನಿಯಲ್ಲಿ ನಿಂತಿರುತ್ತಿದ್ದರು. ಟೀ ಕೊಟ್ಟರೆ ಅರ್ಧ ಕುಡಿದು ಲೋಟ ಎಲ್ಲಿಟ್ಟೆನೆಂದು ಹುಡುಕುತ್ತಿದ್ದರು. ನಾನು ಬೇರೆಯವರ ಊರುಗಳಲ್ಲಿ ಮುಳುಗಿದ್ದೆ.

ಒಂದು ಶನಿವಾರ ಮಧ್ಯಾಹ್ನ ತಮಿಳು ಮುಸ್ಲಿಮರ ಮಮಕ್ ಅಂಗಡಿಯಿಂದ ಪರೋಟದಂಥ ರೋಟಿ ಚನಾಯ್ ಮತ್ತು ಮೀನಿನ ಸಾರು ಕಟ್ಟಿಸಿಕೊಂಡು ಮನೆಗೆ ಬಂದೆ. ಮಗಳು, ಆಗ ಒಂಬತ್ತು ವರ್ಷ, ಕೆಳಗೆ ಈಜಲು ಹೋಗಿದ್ದಳು. ಗಂಡ ಊಟದ ಮೇಜಿನ ಹತ್ತಿರ ಕೂತಿದ್ದರು. ಮುಖ ತಿಳಿಯಾಗಿತ್ತು. ಬಹಳ ದಿನದ ಮೇಲೆ ಅವರ ಮುಖ ಹಾಗಿತ್ತು.

“ಬಾ, ಕೂತ್ಕೋ. ನಿಂಗೆ ಒಂದು ತೋರಿಸ್ಲಿಕ್ಕುಂಟು,” ಎಂದರು.

ಮೇಜಿನ ಮೇಲೆ ನಮ್ಮ ಕಚೇರಿಯ ನಾಲ್ಕು ಪುಟದ ಪ್ರಶ್ನಾವಳಿ ಇತ್ತು. ನನ್ನ ಚೀಲದಿಂದ ಒಂದು ಖಾಲಿ ಪ್ರತಿ ತೆಗೆದುಕೊಂಡಿದ್ದರು. ಅದರ ಪಕ್ಕದಲ್ಲಿ ಕ್ಲೀವ್‌ಲ್ಯಾಂಡಿನ ಒಂದು ಸಂಶೋಧನಾಲಯದಿಂದ ಬಂದ ಪತ್ರ. ಅಲ್ಲಿ ಅವರಿಗೆ ಕೆಲಸ ಸಿಕ್ಕಿತ್ತು. ಅರ್ಜಿ ಹಾಕಿದ್ದನ್ನು ನನಗೆ ಹೇಳಿರಲಿಲ್ಲ.

“ಸಿಗದಿದ್ರೆ ಸುಮ್ಮನೆ ನಿಂಗೂ ಬೇಜಾರು ಅಂತ ಹೇಳ್ಲಿಲ್ಲ. ಈಗ ನೋಡು, ನಿನ್ನ ಫಾರ್ಮಿನಲ್ಲೇ ಹಾಕಿ ನೋಡಿದೆ. ಕ್ಲೀವ್‌ಲ್ಯಾಂಡ್ ನಿಮ್ಮ ಪಟ್ಟಿಯಲ್ಲಿ ಕಡಿಮೆ ಖರ್ಚಿನ ಊರು. ಅವರು ಕೊಡುವ ಸಂಬಳ ಸಾಕಾಗ್ತದೆ. ಸಾಕಾಗುವುದು ಅಲ್ಲ, ಆರಾಮವೇ.”

ಹಾಳೆಗಳನ್ನು ತೆಗೆದುಕೊಂಡೆ. ಪೆನ್ಸಿಲಿನಲ್ಲಿ ನೀಟಾಗಿ ತುಂಬಿದ್ದರು. ಎರಡು ಕೋಣೆ. ಒಂದು ಕಾರು. ಹೊರಗೆ ಊಟ ತಿಂಗಳಿಗೆ ಎರಡು. ಮಗಳ ಶಾಲೆ ಸರ್ಕಾರಿ. ಎರಡನೆಯ ಪುಟದ ನಡುವೆ, ಸಂಗಾತಿಯ ಸಂಪಾದನೆ ಎಂಬ ಕಡೆ, ದುಂಡಗೆ ಒಂದು ಸೊನ್ನೆ.

ಆ ಸೊನ್ನೆಯನ್ನು ನಾನು ಅದೆಷ್ಟು ಹೆಂಗಸರ ಹೆಸರಿನ ಮುಂದೆ ಟೈಪ್ ಮಾಡಿದ್ದೆನೋ. ಯಾವತ್ತೂ ಕೈ ತಡೆದಿರಲಿಲ್ಲ.

“ಇದೇನ್ರಿ?” ಎಂದು ಬೆರಳಿಟ್ಟು ಕೇಳಿದೆ.

“ಅದಾ? ಅವರು ಕೊಡುವ ವೀಸಾದಲ್ಲಿ ನಿಂಗೆ ಕೆಲಸ ಮಾಡ್ಲಿಕ್ಕೆ ಆಗುದಿಲ್ಲ ಅಂತೆ. ಪತ್ರದಲ್ಲೇ ಬರ್ದಿದ್ದಾರೆ. ಇರ್ಲಿ ಬಿಡು, ನೀನೂ ಸ್ವಲ್ಪ ರೆಸ್ಟ್ ತಕೋ. ನಾಲ್ಕು ವರ್ಷದಿಂದ ಓಡಾಡ್ತಾ ಇದ್ದಿ.”

“ರೆಸ್ಟ್ ಬೇಕಂತ ನಾ ಯಾವಾಗ ಕೇಳಿದ್ದೆ?”

“ಎಂತ ಮಾರಾಯ್ತಿ, ಒಳ್ಳೇದಕ್ಕೆ ಹೇಳಿದ್ರೆ—”

“ಒಳ್ಳೇದು ನಿಮಗ. ನೀವು ಊರು ಹುಡುಕೀರಿ, ಕೆಲಸ ಹುಡುಕೀರಿ, ಮನೀಗೆ ಎಷ್ಟು ಕೋಣೆ ಅಂತ ಬರದೀರಿ. ನನ್ನ ಸೊನ್ನಿನೂ ನೀವ ಬರದೀರಿ. ನನಗ ಒಂದ ಮಾತು ಕೇಳಿದ್ರೇನ್ರಿ?”

ಅವರ ಮುಖ ಬಾಡಿತು. ಅವರು ಕೆಟ್ಟವರಲ್ಲ, ಅವತ್ತೂ ಆಗಿರಲಿಲ್ಲ. ಮೂರು ತಿಂಗಳ ಹೆದರಿಕೆ ಒಂದು ಪತ್ರದಿಂದ ಇಳಿದಿತ್ತು. ಅದನ್ನು ಹಂಚಿಕೊಳ್ಳಲು ನನ್ನ ದಾರಿ ಕಾಯುತ್ತ ಕೂತಿದ್ದರು. ನನಗೆ ಅದು ಕಾಣುತ್ತಿತ್ತು. ಕಂಡರೂ ನಾನು ಎದ್ದು ಅಡಿಗೆ ಮನೆಗೆ ಹೋಗಿ, ತಂದಿದ್ದ ಸಾರನ್ನು ಪಾತ್ರೆಗೆ ಸುರಿದು, ಬಿಸಿ ಮಾಡುವ ಅಗತ್ಯವಿಲ್ಲದಿದ್ದರೂ ಬಿಸಿ ಮಾಡಿದೆ.

ಮಗಳು ಒದ್ದೆ ಕೂದಲಿನಲ್ಲಿ ಬಂದು ನಮ್ಮಿಬ್ಬರ ಮುಖ ನೋಡಿದಳು. ಅವಳಪ್ಪ, “ನಾವು ಅಮೆರಿಕಕ್ಕೆ ಹೋಗುವನಾ ಪುಟ್ಟಿ?” ಎಂದರು.

“ಐ ಡೋಂಟ್ ವಾಂಟ್ ಲಾ. ವೈ ಕಾಂಟ್ ವಿ ಜಸ್ಟ್ ಸ್ಟೇ?” ಎಂದು ಹೇಳಿ ರೋಟಿ ಹರಿಯತೊಡಗಿದಳು.

ಅದಾದ ಮೇಲಿನ ಹತ್ತು ದಿನ ಮನೆಯಲ್ಲಿ ಇಬ್ಬರೂ ಒಬ್ಬರನ್ನೊಬ್ಬರು ತಪ್ಪಿಸಿಕೊಂಡು ಓಡಾಡಿದೆವು. ನಾನು ಬೆಳಿಗ್ಗೆ ಬೇಗ ಹೊರಟು ಕಚೇರಿಗೆ ಬಸ್ಸು ಬಿಟ್ಟು ನಡೆದೇ ಹೋಗುತ್ತಿದ್ದೆ. ಏರು ರಸ್ತೆಗಳಲ್ಲಿ ಬೆವರು ಸುರಿಸುತ್ತ, ತಪ್ಪು ನನ್ನದೇ, ಅವರದೇ ಎಂದು ಲೆಕ್ಕ ಹಾಕುತ್ತಿದ್ದೆ. ಇಲ್ಲೇ ಇದ್ದು ಅವರ ಕೆಲಸ ಹೋದರೆ ನನ್ನ ಸಂಬಳದಲ್ಲಿ ಮೂವರು ಬದುಕುವುದು ಸುಲಭವಿರಲಿಲ್ಲ. ಅಲ್ಲಿಗೆ ಹೋದರೆ ಮತ್ತೆ ಕಿಟಕಿ. ಈ ಸಲ ಹೊರಗೆ ಹಿಮ. ಊರಿಗೆ ಫೋನ್ ಮಾಡಿ ಅವ್ವನಿಗೆ ಹೇಳಿದರೆ, “ಗಂಡ ಎಲ್ಲೋ ನೀನು ಅಲ್ಲೆ,” ಎಂದಳು. ಬೇರೆ ಯಾರ ಹತ್ತಿರವೂ ಹೇಳಿಕೊಳ್ಳಲಿಲ್ಲ. ಮುಂದಿನ ಭಾನುವಾರ ಕನ್ನಡದವರ ಊಟಕ್ಕೆ ತಲೆನೋವೆಂದು ಹೋಗಲಿಲ್ಲ. ಯಾರಾದರೂ ತಟ್ಟೆ ಹಿಡಿದು ಬಂದು ಊರಿನ ಹೆಸರು ಹೇಳಿದರೆ ನಾನು ಏನಂದುಬಿಡುತ್ತೇನೋ ಎಂದು ನನಗೇ ಭಯವಿತ್ತು.

ಹನ್ನೊಂದನೆಯ ದಿನ ಬೆಳಿಗ್ಗೆ ಟೀ ಕುಡಿಯುವಾಗ ನಾನೇ ಮಾತು ತೆಗೆದೆ. ಅದೇ ಪ್ರಶ್ನಾವಳಿಯ ಹೊಸ ಪ್ರತಿ ಅವರ ಮುಂದಿಟ್ಟು, “ಒಬ್ಬರಿಗೆ ಹಾಕಿ ನೋಡ್ರಿ,” ಎಂದೆ.

ಅವರು ಲೋಟ ಕೆಳಗಿಟ್ಟರು. ಮುಖದ ಬಣ್ಣವೇ ಹೋಯಿತು. “ಎಂತ ಹೇಳ್ತಾ ಇದ್ದಿ ನೀನು? ನನ್ನನ್ನು ಬಿಡ್ತಿಯಾ?”

ಅವರಿಗೆ ಹಾಗೆ ಕೇಳಿಸುತ್ತದೆಂದು ನನಗೆ ಹೊಳೆದೇ ಇರಲಿಲ್ಲ. “ಅಯ್ಯ, ಹಂಗಲ್ಲರಿ. ಒಂದ ವರ್ಷದ ಮಾತು. ನೀವು ಹೋಗ್ರಿ. ನಿಮಗ ಇಲ್ಲೆ ಉಸಿರು ಕಟ್ಟೇದ, ನಂಗ ಗೊತ್ತದ. ನಾನು, ಅಕಿ ಇಲ್ಲೇ ಇರ್ತೀವಿ. ನನ್ನ ಪರ್ಮಿಟ್ ನಂದ ಅದ. ಅಕಿ ಸಾಲಿ ತಪ್ಪೂದಿಲ್ಲ. ವರ್ಷದ ಮ್ಯಾಲೆ ಎಲ್ಲರೂ ಕೂತು ನೋಡೋಣ.”

“ನೀನು ಒಬ್ಬಳೇ ಹೇಗೆ ಇರ್ತಿ?”

“ನೀವು ಒಬ್ರ ಹೆಂಗ ಇರ್ತೀರಿ? ಅನ್ನಕ್ಕ ನೀರು ಎಷ್ಟು ಇಡಬೇಕು ಗೊತ್ತದೇನು?”

ಅವರು ನಗಲಿಲ್ಲ. ಪೆನ್ಸಿಲ್ ತೆಗೆದುಕೊಂಡು ಮೊದಲ ಪ್ರಶ್ನೆಯ ಮುಂದೆ ಬಹಳ ಹೊತ್ತು ಹಿಡಿದು, ಒಂದು ಎಂದು ಬರೆದರು.

ಕಾಗದಪತ್ರದ ಕೆಲಸ ನಾವು ಅಂದುಕೊಂಡದ್ದಕ್ಕಿಂತ ತೊಡಕಿನದಾಯಿತು. ಅವರು ದೇಶ ಬಿಟ್ಟರೆ ಅವರ ಪಾಸಿನ ಆಸರೆಯಲ್ಲಿದ್ದ ಮಗಳ ಪಾಸೂ, ಅಂದರೆ ದೇಶದಲ್ಲಿರುವ ಪರವಾನಗಿಯೂ, ರದ್ದಾಗುತ್ತಿತ್ತು. ಅವಳನ್ನು ನನ್ನ ಪಾಸಿಗೆ ಸೇರಿಸಬೇಕು. ತಂದೆಯಿರುವಾಗ ತಾಯಿಯ ಹೆಸರಿಗೆ ಯಾಕೆ ಎಂದು ಕೌಂಟರಿನ ಹಿಂದಿನವರಿಗೆ ತಿಳಿಸಿ ಹೇಳುವುದರಲ್ಲಿ ನಾಲ್ಕು ಸಲ ಹೋಗಿಬಂದೆವು. ಈ ಸಲವೂ ಬಾಸ್ ಎರಡು ದಿನ ನಮ್ಮ ಜೊತೆ ಬಂದು ಕೂತರು. ನನ್ನ ಸಂಬಳವನ್ನು ಸ್ವಲ್ಪ ಹೆಚ್ಚಿಸಿ ಕಾಗದ ಬರೆದುಕೊಟ್ಟರು. ಸುಮ್ಮನೆ ಕಾಗದಕ್ಕಾಗಿ ಬರೆದರೆಂದುಕೊಂಡಿದ್ದೆ. ತಿಂಗಳ ಕೊನೆಗೆ ಅಷ್ಟೇ ಹಣ ಕೈಗೆ ಬಂತು. ಬೇರೆ ಕಚೇರಿಗಳಲ್ಲಿ ಸಂಬಳ ಕಡಿಯುತ್ತಿದ್ದ ಕಾಲ ಅದು. ನಾನು ಥ್ಯಾಂಕ್ಸ್ ಹೇಳಲು ಹೋದರೆ, ಸಿಯಾಟಲ್‌ನ ರಿಪೋರ್ಟು ಎಲ್ಲಿ ಎಂದು ಕೇಳಿದರು.

ಗಂಡ ಜನವರಿಯಲ್ಲಿ ಹೊರಟರು. ಹೊಸ ವಿಮಾನ ನಿಲ್ದಾಣ ಶುರುವಾಗಿ ಕೆಲವೇ ತಿಂಗಳಾಗಿತ್ತು. ನೆಲ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಮಗಳು ಅವರ ಟ್ರಾಲಿಯ ಮೇಲೆ ಕೂತು ಬಂದಳು. ಒಳಗೆ ಹೋಗುವ ಮುಂಚೆ ಅವರು ನನ್ನ ಕೈಗೆ ಕಾರಿನ ಕೀಲಿ ಕೊಟ್ಟು, “ಮಾರ್ಲಿಕ್ಕೆ ಹೇಳಿ ಇಡು. ನಿಂಗೆ ಸುಮ್ಮನೆ ರಗಳೆ,” ಎಂದರು. ನಾನು ಹೂಂ ಎಂದೆ. ಕನ್ನಡದ ಗೆಳೆಯರೊಬ್ಬರು ಆ ಕಾರಿನಲ್ಲಿ ನಮ್ಮನ್ನು ಮನೆ ಮುಟ್ಟಿಸಿದರು.

ಕಾರು ಮಾರಲಿಲ್ಲ. ಮುಂದಿನ ವಾರವೇ ಡ್ರೈವಿಂಗ್ ಸ್ಕೂಲಿಗೆ ಸೇರಿದೆ. ಕಲಿಸುತ್ತಿದ್ದವರು ಒಬ್ಬ ತಮಿಳು ಮುದುಕರು. ನಾನು ಕ್ಲಚ್ಚಿನಿಂದ ಕಾಲು ಎತ್ತಿದಾಗಲೆಲ್ಲ “ಮೆದುವಾ ಮ್ಮಾ, ಮೆದುವಾ,” ಎಂದು ನಿಧಾನ ಮಾಡಿಸುತ್ತಿದ್ದರು. ಎರಡು ಸಲ ಪರೀಕ್ಷೆಯಲ್ಲಿ ಫೇಲಾದೆ. ಮೂರನೆಯ ಸಲ ಪಾಸಾದೆ.

ಆ ವರ್ಷ ಸುಖವಾಗಿತ್ತು ಎಂದರೆ ಸುಳ್ಳಾಗುತ್ತದೆ. ಮಗಳಿಗೆ ಜ್ವರ ಬಂದ ವಾರ ಅವಳ ಪಕ್ಕ ಕೂತು, ಯಾವ ಹಟಕ್ಕೆ ಬಿದ್ದು ಈ ಸ್ಥಿತಿ ತಂದುಕೊಂಡೆ ಎಂದು ನನ್ನನ್ನೇ ಬೈದುಕೊಂಡಿದ್ದೇನೆ. ಒಂದು ಕಡೆ ನಿಲ್ಲಲಾಗದ ಚಡಪಡಿಕೆ ಯಾವಾಗಲೂ ಇರುತ್ತಿತ್ತು. ಹೊಸದಾಗಿ ಬಂದಿದ್ದ ಎಲ್‌ಆರ್‌ಟಿ ರೈಲಿನಲ್ಲಿ ಮಗಳನ್ನು ಕರೆದುಕೊಂಡು ಕೊನೆಯ ನಿಲ್ದಾಣದ ತನಕ ಹೋಗಿ, ಇಳಿಯದೆ ಅದರಲ್ಲೇ ವಾಪಸ್ ಬಂದ ದಿನಗಳಿವೆ. ಎಲ್ಲಿಗೆ ಹೋಗುತ್ತಿದ್ದೇವೆಂದು ಅವಳು ಕೇಳುವುದನ್ನು ಬಿಟ್ಟಿದ್ದಳು.

ಗಂಡ ಪ್ರತಿ ಭಾನುವಾರ ಫೋನ್ ಮಾಡುತ್ತಿದ್ದರು. ಮೊದಮೊದಲು ಹಿಮದ ಬಗ್ಗೆ, ಸಂಶೋಧನಾಲಯದ ಯಂತ್ರಗಳ ಬಗ್ಗೆ ಉತ್ಸಾಹದಿಂದ ಹೇಳುತ್ತಿದ್ದವರು ಬರುಬರುತ್ತ ಅಡಿಗೆಯ ಬಗ್ಗೆಯೇ ಮಾತಾಡತೊಡಗಿದರು. ಒಂದು ಸಲ, “ನಿನ್ನ ಲೆಕ್ಕ ಸರಿ ಉಂಟು. ಬಾಡಿಗೆ, ಬಸ್ಸು, ಎಲ್ಲ ನೀನು ಹಾಕಿದಷ್ಟೇ ಆಗ್ತದೆ. ಕೈಯಲ್ಲಿ ಉಳೀತದೆ ಸಹ. ಆದ್ರೆ ಶನಿವಾರ ಬೆಳಿಗ್ಗೆ ಎದ್ದರೆ ಸೋಮವಾರದ ತನಕ ಎಂತ ಮಾಡುದು ಗೊತ್ತಾಗುದಿಲ್ಲ,” ಎಂದರು. ನಾನು ಮಗಳ ಕೈಗೆ ಫೋನ್ ಕೊಟ್ಟೆ. ಆ ಮಾತು ಅಲ್ಲಿಗೇ ನಿಂತರೂ ನನ್ನ ಕಿವಿಯಲ್ಲಿ ಉಳಿಯಿತು. ನನ್ನ ಮೊದಲ ಎರಡು ವರ್ಷಗಳ ಸೋಮವಾರಗಳೂ ಮಂಗಳವಾರಗಳೂ ಹಾಗೇ ಇದ್ದವೆಂದು ಅವರಿಗೆ ಈಗ ಅನ್ನಿಸಿರಬಹುದೇ ಎಂದು ಯೋಚಿಸಿದೆ. ಕೇಳಲಿಲ್ಲ. ಅವರೂ ಹೇಳಲಿಲ್ಲ. ಬಹಳ ಮುಂದೆ ಒಂದು ದಿನ ತಾವಾಗಿಯೇ ಹೇಳಿದರು.

ಡುಲುತ್‌ನಿಂದ ಬೇಸಿಗೆಯಲ್ಲಿ ಒಂದು ಕಾರ್ಡು ಬಂತು, ಕಚೇರಿಯ ವಿಳಾಸಕ್ಕೆ. ಶಾಲೆಯಲ್ಲಿ ಕೆಲಸ ಸಿಕ್ಕಿರಲಿಲ್ಲವಂತೆ. ಒಂದು ಅಂಗಡಿಯಲ್ಲಿ ನಿಂತು ಬೂಟು ಮಾರುತ್ತಾರಂತೆ, ಏಳು ಮಕ್ಕಳು ಪಾಠಕ್ಕೆ ಬರುತ್ತಾರಂತೆ. ಪಿಯಾನೊ ಸಮುದ್ರದಲ್ಲಿ ಶ್ರುತಿ ಕಳೆದುಕೊಂಡಿತ್ತು, ಈಗ ಸರಿಯಾಗಿದೆ, ಎಂದಿತ್ತು. ಕಾರ್ಡನ್ನು ಬಾಸ್‌ಗೆ ತೋರಿಸಿದೆ. ಅವರು ಓದಿ, ತಮ್ಮ ಮೇಜಿನ ಖಾನೆಯೊಳಗೆ ಇಟ್ಟುಕೊಂಡರು. ನನಗೆ ವಾಪಸ್ ಕೊಡಲಿಲ್ಲ.

ಗಂಡ ಡಿಸೆಂಬರಿನಲ್ಲಿ ಬಂದರು. ಕಾಂಟ್ರಾಕ್ಟನ್ನು ಇನ್ನೊಂದು ವರ್ಷ ಮುಂದುವರಿಸುತ್ತೇವೆಂದು ಅಲ್ಲಿಯವರು ಹೇಳಿದ್ದರಂತೆ. ಯೋಚಿಸಿ ಹೇಳುತ್ತೇನೆಂದು ಬಂದಿದ್ದರು. ಅವರನ್ನು ಕರೆತರಲು ನಾನೇ ಕಾರು ಓಡಿಸಿಕೊಂಡು ಹೋದೆ. ಕಲಿತದ್ದನ್ನು ಅವರಿಗೆ ಹೇಳಿರಲಿಲ್ಲ. ಹೇಳಿದ್ದರೆ ಪ್ರತಿ ಭಾನುವಾರ ಹೆದರುತ್ತಿದ್ದರು. ತೆಳ್ಳಗಾಗಿದ್ದರು, ತೋಳಿನ ಮೇಲೆ ದಪ್ಪನೆಯ ಕೋಟು. ನಾನು ಡ್ರೈವರಿನ ಬಾಗಿಲು ತೆಗೆದು ಕೂತಾಗ ಸುಮ್ಮನೆ ನಿಂತು ನೋಡಿದರು. ಮಗಳು ಮುಂದಿನ ಸೀಟು ತನ್ನದೆಂದು ಬಿಟ್ಟುಕೊಡಲಿಲ್ಲ. ಅವರು ಕೋಟಿನ ಜೊತೆ ಹಿಂದೆ ಕೂತರು.

ಎರಡೂ ಕಡೆ ತಾಳೆ ಎಣ್ಣೆಯ ತೋಟಗಳು. ಹೆದ್ದಾರಿಗೆ ಬಂದೆವು. ಕನ್ನಡಿಯಲ್ಲಿ ನೋಡಿದೆ, ಎರಡೂ ಕೈಯಿಂದ ನನ್ನ ಸೀಟಿನ ಬೆನ್ನು ಹಿಡಿದಿದ್ದರು. ನಿಲಾಯ್ ಎಂದು ಬರೆದ ಬೋರ್ಡು ಹಿಂದೆ ಹೋದ ಮೇಲೆ, “ಈ ನಿಲಾಯ್‌ನಲ್ಲಿ ಹೊಸದೊಂದು ಕಾಲೇಜಿನವರು ನಂಗೆ ಬರ್ದಿದ್ದಾರೆ. ಕ್ಲೀವ್‌ಲ್ಯಾಂಡಿನಷ್ಟು ಸಂಬಳ ಇಲ್ಲ. ಇಲ್ಲೇ ಮನೆ ಮಾಡಿದ್ರೆ ನಿಂಗೆ ಬಾಂಗ್ಸಾರಿಗೆ ಹೋಗಿ ಬರ್ಲಿಕ್ಕೆ ದೂರ ಆಗ್ತದೆ. ನೀನು ಎಂತ ಹೇಳ್ತಿ?” ಎಂದರು.

ಮುಂದೆ ಎಣ್ಣೆಯ ಹಣ್ಣು ತುಂಬಿದ ಲಾರಿಯೊಂದು ನಿಧಾನಕ್ಕೆ ಹೋಗುತ್ತಿತ್ತು. ಅದನ್ನು ದಾಟುವ ತನಕ ನನಗೆ ಬೇರೆ ಕಡೆ ಗಮನ ಕೊಡಲು ಬರುತ್ತಿರಲಿಲ್ಲ. ದಾಟಿ, ಎಡಕ್ಕೆ ಬಂದು, ಇಂಡಿಕೇಟರ್ ಆರಿಸಿದೆ.

“ಒಂದ ಸಲ ಹೋಗಿ ಊರು ನೋಡೋಣರಿ,” ಎಂದೆ. “ನೋಡದ ಏನೂ ಹೇಳೂದಿಲ್ಲ ನಾನು.”